ಆಗಾಗ ಹ್ಯಾಂಗ್ ಆಗುವ ಲಿನಕ್ಸ್ ಯಂತ್ರ: ಕರ್ನಲ್‌ನೊಳಗೆ ಜಾಡು ಹಿಡಿಯುವ ಬಗೆ

ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಬಿಲ್ ಮಾಡಲು ಇಟ್ಟಿದ್ದ ಪುಟ್ಟ ಕಂಪ್ಯೂಟರ್ ಎರಡು ಮೂರು ದಿನಕ್ಕೊಮ್ಮೆ ಇದ್ದಲ್ಲೇ ನಿಂತುಬಿಡುತ್ತಿತ್ತು. ಪರದೆಯ ಮೇಲೆ ಅರ್ಧ ತುಂಬಿದ ಪಟ್ಟಿ ಹಾಗೆಯೇ ಕಾಣುತ್ತಿತ್ತು, ಮೌಸ್ ಮಾತ್ರ ಅಲುಗುತ್ತಿರಲಿಲ್ಲ. ಗುಮಾಸ್ತರು ಪ್ಲಗ್ ಕಿತ್ತು ಮತ್ತೆ ಹಾಕುತ್ತಿದ್ದರು. ಮತ್ತೆರಡು ದಿನ ನೆಮ್ಮದಿ. ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು. ಸಾಹುಕಾರರ ಪ್ರಕಾರ ಒಳಗೆ ಸೇರಿದ ಮೆಣಸಿನಕಾಯಿ ಪುಡಿ, ಗುಮಾಸ್ತರ ಪ್ರಕಾರ ವೋಲ್ಟೇಜ್, ಹುಬ್ಬಳ್ಳಿಯಿಂದ ಹೋದ ನನ್ನ ಪ್ರಕಾರ ಬೇಸಿಗೆಯ ಕಾವು. ಮೂವರ ಊಹೆಯೂ ತಪ್ಪಾಗಿತ್ತು.

ದಿನವೂ ಕೆಡುವ ಯಂತ್ರವನ್ನು ಯಾರಾದರೂ ರಿಪೇರಿ ಮಾಡಬಹುದು. ನೀವು ಎದುರಿಗೆ ಕುಳಿತಾಗ ಸರಿಯಾಗಿದ್ದು, ಬಸ್ ಹತ್ತಿದ ಮೇಲೆ ಕೆಡುವ ಯಂತ್ರದ ಪಾಡೇ ಬೇರೆ. ಅದಕ್ಕೆ ಬೇಕಿರುವುದು ಔಷಧವಲ್ಲ, ಮೊದಲು ಸಾಕ್ಷಿ. ಆ ಸಾಕ್ಷಿಯನ್ನು ಹೇಗೆ ಕೂಡಿಸುವುದು, ಕೂಡಿಸಿದ್ದನ್ನು ಹೇಗೆ ಓದುವುದು ಎಂಬುದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಆಜ್ಞೆಗಳನ್ನೂ ಕಡತಗಳ ಹೆಸರುಗಳನ್ನೂ ಉಚ್ಚಾರಣೆಯಂತೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಕೀಲಿಮಣೆಯಲ್ಲಿ ಒತ್ತುವಾಗ ಅವುಗಳ ಇಂಗ್ಲಿಷ್ ಕಾಗುಣಿತವನ್ನೇ ಬಳಸಿ. ಅಡಿಗೆರೆ, ಚುಕ್ಕಿ, ಅಂಕಿಗಳು ಇದ್ದಲ್ಲಿಯೇ ಇರಲಿ.

ಹಂತ 1: ಏನನ್ನೂ ಬದಲಿಸಬೇಡಿ, ಒಂದು ನೋಟ್‌ಬುಕ್ ಇಡಿ

ಹ್ಯಾಂಗ್ ಆದ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ: ಅಪ್‌ಡೇಟ್ ಹಾಕುವುದು, ರ‍್ಯಾಮ್ ತೆಗೆದು ಒರೆಸಿ ಹಾಕುವುದು, ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ನಾಲ್ಕು ಆಯ್ಕೆ ಬದಲಿಸುವುದು. ಎಲ್ಲವನ್ನೂ ಒಂದೇ ದಿನ ಮಾಡಿದರೆ, ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಸರಿಹೋಗದಿದ್ದರೆ ಹಳೆಯ ಸ್ಥಿತಿಯೂ ಕೈತಪ್ಪಿರುತ್ತದೆ.

ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಒಂದನ್ನು ಯಂತ್ರದ ಪಕ್ಕದಲ್ಲೇ ದಾರ ಕಟ್ಟಿ ಇಡಿ. ಪ್ರತಿ ಸಲ ಹ್ಯಾಂಗ್ ಆದಾಗ ಬರೆಯಬೇಕಾದದ್ದು: ದಿನಾಂಕ, ಗೋಡೆ ಗಡಿಯಾರದ ಸಮಯ, ಪರದೆಯ ಗಡಿಯಾರದಲ್ಲಿ ನಿಂತ ಸಮಯ, ಆಗ ಏನು ಕೆಲಸ ನಡೆದಿತ್ತು, ಕ್ಯಾಪ್ಸ್ ಲಾಕ್ ಒತ್ತಿದರೆ ದೀಪ ಹತ್ತಿತೇ, ತಾನಾಗಿಯೇ ಚೇತರಿಸಿಕೊಂಡಿತೇ, ಚೇತರಿಸಿಕೊಂಡಿದ್ದರೆ ಎಷ್ಟು ಸೆಕೆಂಡಿನ ನಂತರ.

ಪರದೆಯ ಗಡಿಯಾರದಲ್ಲಿ ಸೆಕೆಂಡುಗಳೂ ಕಾಣುವಂತೆ ಮೊದಲೇ ಬದಲಿಸಿಕೊಳ್ಳಿ. ಸಣ್ಣ ಕೆಲಸ, ಆದರೆ ಅದರ ಬೆಲೆ ದೊಡ್ಡದು. ಬ್ಯಾಡಗಿಯಲ್ಲಿ ಒಂದು ಮಧ್ಯಾಹ್ನ ಗುಮಾಸ್ತರು ಬರೆದಿಟ್ಟ ಸಾಲು ಹೀಗಿತ್ತು: ‘ಗೋಡೆ 3:40, ಪರದೆ 2:11:37’. ಅಂದರೆ ಅವರು ನೋಡುವುದಕ್ಕೆ ಒಂದೂವರೆ ತಾಸು ಮೊದಲೇ ಯಂತ್ರ ಸತ್ತಿತ್ತು. ಅಲ್ಲಿಯವರೆಗೆ ಎಲ್ಲರೂ ‘ಬಿಲ್ ಹೊಡೆಯುವಾಗ ನಿಲ್ಲುತ್ತದೆ’ ಎನ್ನುತ್ತಿದ್ದರು. ನಿಜವೆಂದರೆ ಬಿಲ್ ಹೊಡೆಯಲು ಕುಳಿತಾಗ ಅದು ನಿಂತಿರುವುದು ಅವರ ಕಣ್ಣಿಗೆ ಬೀಳುತ್ತಿತ್ತು, ಅಷ್ಟೆ. ಇಪ್ಪತ್ತೊಂದು ದಿನಗಳಲ್ಲಿ ಹನ್ನೊಂದು ಸಲ ನಿಂತಿತ್ತು. ಅದರಲ್ಲಿ ಒಂಬತ್ತು ಸಲ ಊಟದ ಹೊತ್ತು, ಇಲ್ಲವೇ ರಾತ್ರಿ ಅಂಗಡಿ ಮುಚ್ಚಿದ ಮೇಲೆ. ಅಂಗಳ ತುಂಬ ಚೀಲಗಳಿದ್ದು, ಪಟ್ಟಿ ಬರೆಯುವ ಗಡಿಬಿಡಿ ಜೋರಾಗಿದ್ದಾಗ ಒಮ್ಮೆಯೂ ಇಲ್ಲ. ಕೆಲಸ ಮಾಡುವಾಗ ಗಟ್ಟಿಯಾಗಿದ್ದು ಮಲಗಿದಾಗ ಸಾಯುವ ಯಂತ್ರ! ಕಾವಿನ ಮೇಲಿನ ನನ್ನ ಸಿದ್ಧಾಂತ ಆ ದಿನವೇ ಬಿದ್ದುಹೋಯಿತು.

ಹಂತ 2: ಎಷ್ಟರ ಮಟ್ಟಿಗೆ ಸತ್ತಿದೆ ಎಂದು ನೋಡಿ

ಹ್ಯಾಂಗ್ ಎಂಬ ಒಂದೇ ಮಾತಿನ ಕೆಳಗೆ ಕನಿಷ್ಠ ಐದು ಬೇರೆ ಬೇರೆ ಕಾಯಿಲೆಗಳಿವೆ. ಪ್ಲಗ್ ಕೀಳುವ ಮೊದಲು ಎರಡು ನಿಮಿಷ ಪರೀಕ್ಷಿಸಿದರೆ ಅವುಗಳಲ್ಲಿ ಮೂರನ್ನು ಪಕ್ಕಕ್ಕಿಡಬಹುದು.

ಇನ್ನೊಂದು ಕಂಪ್ಯೂಟರಿನಿಂದ ಪಿಂಗ್ ಮಾಡಿ (ಬದುಕಿದ್ದೀಯಾ ಎಂದು ನೆಟ್‌ವರ್ಕ್ ಮೂಲಕ ಕೂಗಿ ಕೇಳುವುದು), ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಮೂಲಕ ಒಳಗೆ ಹೋಗಲು ನೋಡಿ. ಒಳಗೆ ಹೋಗಲು ಬಂದರೆ ಕರ್ನಲ್, ಅಂದರೆ ಯಂತ್ರವನ್ನು ನಡೆಸುವ ಲಿನಕ್ಸ್‌ನ ತಿರುಳು, ಬದುಕಿದೆ, ಪರದೆ ಮಾತ್ರ ಸತ್ತಿದೆ. ಆಗ ಗ್ರಾಫಿಕ್ಸ್ ಡ್ರೈವರ್ ಕಡೆಗೆ ನೋಡಬೇಕು. ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಹ್ಯಾಂಗ್ ಎಂಬ ಸಾಲು ಹೆಚ್ಚಿನ ಸಲ ಸಿಗುತ್ತದೆ. ಪಿಂಗ್‌ಗೆ ಉತ್ತರ ಬಂದು ಎಸ್‌ಎಸ್‌ಎಚ್ ಮಾತ್ರ ಕಾಯಿಸುತ್ತಿದ್ದರೆ, ಕರ್ನಲ್‌ನ ಒಂದು ಭಾಗ ಉಸಿರಾಡುತ್ತಿದೆ, ಪ್ರೋಗ್ರಾಂಗಳಿಗೆ ಸರದಿ ಸಿಗುತ್ತಿಲ್ಲ ಎಂದರ್ಥ. ಪಿಂಗ್‌ಗೆ ಉತ್ತರ ಕೊಡುವ ಕೆಲಸ ಕರ್ನಲ್‌ನ ಒಳಗೇ ಮುಗಿದುಹೋಗುತ್ತದೆ, ಎಸ್‌ಎಸ್‌ಎಚ್‌ಗೆ ಹಾಗಲ್ಲ. ಅದಕ್ಕೆ ಮೆಮೊರಿ ಬೇಕು, ಡಿಸ್ಕ್ ಬೇಕು, ಪ್ರಾಸೆಸರ್‌ನಲ್ಲಿ ಸರದಿ ಬೇಕು.

ಹಾರ್ಡ್ ಡಿಸ್ಕ್‌ನ ದೀಪ ಬಿಡದೆ ಉರಿಯುತ್ತಿದ್ದು, ಮೌಸ್ ಹತ್ತು ಸೆಕೆಂಡಿಗೊಮ್ಮೆ ಒಂದು ಹೆಜ್ಜೆ ಇಡುತ್ತಿದ್ದರೆ ಅದು ಮೆಮೊರಿ ಸಾಲದೆ ಒದ್ದಾಡುತ್ತಿರುವ ಯಂತ್ರ. ಧಾರವಾಡದ ವಿದ್ಯಾರ್ಥಿಗಳು ‘ಕರ್ನಲ್ ಕೈಕೊಡುತ್ತಿದೆ’ ಎಂದು ನನಗೆ ತೋರಿಸಿದ ನಾಲ್ಕು ಜಿಬಿ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಈ ಬಗೆಯವು: ಐವತ್ತು ಟ್ಯಾಬ್, ಒಂದು ವರ್ಚುವಲ್ ಮಷಿನ್, ಮೇಲೆ ಒಂದು ವಿಡಿಯೊ ತರಗತಿ. ಇದನ್ನು ಅಳೆಯುವುದು ಸುಲಭ. ಕರ್ನಲ್ 4.20ರಿಂದ ಈಚೆಗೆ, ಕರ್ನಲ್ ತನ್ನ ಸ್ಥಿತಿಯನ್ನು ತೋರಿಸುವ ಪ್ರಾಕ್ ಫೋಲ್ಡರ್ ಕೆಳಗಿನ ‘ಪ್ರೆಶರ್’ ಫೋಲ್ಡರ್‌ನಲ್ಲಿ ‘ಮೆಮೊರಿ’ ಎಂಬ ಕಡತವಿದೆ. ಅದರಲ್ಲಿ ‘ಫುಲ್’ ಎಂಬ ಸಾಲಿನ ಸಂಖ್ಯೆ ಏರುತ್ತ ಹೋದರೆ, ಎಲ್ಲ ಕೆಲಸಗಳೂ ಮೆಮೊರಿಗಾಗಿ ಬಾಯಿ ತೆರೆದು ಕೂತಿವೆ ಎಂದು ತಿಳಿಯಿರಿ. ಮೆಮೊರಿ ಮುಗಿಯುವ ಮೊದಲೇ ಭಾರದ ಪ್ರೋಗ್ರಾಂ ನಿಲ್ಲಿಸುವ ಅರ್ಲಿಊಮ್ ಅಥವಾ ಸಿಸ್ಟಂಡಿ-ಊಮ್‌ಡಿ ಹಾಕಿ, ಸಾಧ್ಯವಾದರೆ ರ‍್ಯಾಮ್ ಹೆಚ್ಚಿಸಿ. ಈ ಲೇಖನದ ಉಳಿದ ಭಾಗ ನಿಮಗೆ ಬೇಕಾಗಿಲ್ಲ.

ಇನ್ನೊಂದು ಸುಳಿವು, ಸ್ತಬ್ಧವಾಗಿರುವ ಅವಧಿ. ಬೆಟಗೇರಿಯ ಒಂದು ಮುದ್ರಣಾಲಯದಲ್ಲಿ ಪುಟ ಜೋಡಿಸುವ ಯಂತ್ರ ಆಗಾಗ ನಿಂತು, ತಾನಾಗಿಯೇ ಚೇತರಿಸಿಕೊಳ್ಳುತ್ತಿತ್ತು. ಮೊಬೈಲ್‌ನಲ್ಲಿ ಎಣಿಸಿ ಎಂದೆ. ಮೂವತ್ತು ಸೆಕೆಂಡು, ಕೆಲವೊಮ್ಮೆ ಅರವತ್ತು. ಲಿನಕ್ಸ್‌ನಲ್ಲಿ ಸಾಟಾ ಡಿಸ್ಕಿಗೆ ಕಳಿಸಿದ ಆದೇಶಕ್ಕೆ ಉತ್ತರ ಬರಲಿ ಎಂದು ಕಾಯುವ ಅವಧಿ ರೂಢಿಯಂತೆ 30 ಸೆಕೆಂಡು. ಆ ಗಡುವು ಮುಗಿದ ಮೇಲೆ ಕರ್ನಲ್ ಸಂಪರ್ಕವನ್ನು ರೀಸೆಟ್ ಮಾಡುತ್ತದೆ, ಯಂತ್ರ ಮತ್ತೆ ಓಡುತ್ತದೆ. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ನಡೆಸಿ ನೋಡಿದರೆ 199ನೆಯ ಸಂಖ್ಯೆಯ ಸಾಲು, ಅಂದರೆ ಸಿಆರ್‌ಸಿ ದೋಷಗಳ (ಸಾಗುವಾಗ ಕೆಟ್ಟ ಮಾಹಿತಿಯ) ಎಣಿಕೆ, ದಿನದಿನಕ್ಕೆ ಏರುತ್ತಿತ್ತು. 5 ಮತ್ತು 197ನೆಯ ಸಂಖ್ಯೆಯ ಸಾಲುಗಳು ಸೊನ್ನೆ. 5, 197 ಏರಿದರೆ ಡಿಸ್ಕ್‌ನ ಮೇಲ್ಮೈ ಸವೆಯುತ್ತಿದೆ, 199 ಮಾತ್ರ ಏರಿದರೆ ದಾರಿಯಲ್ಲಿ ತೊಂದರೆ. ಸಾಟಾ ಕೇಬಲ್ ಬದಲಿಸಿದೆವು, ಅಲ್ಲಿಗೆ ಮುಗಿಯಿತು.

ಮೇಲಿನ ಯಾವುದೂ ಅಲ್ಲದೆ, ಪಿಂಗ್ ಇಲ್ಲ, ಕ್ಯಾಪ್ಸ್ ಲಾಕ್ ದೀಪ ಇಲ್ಲ, ಎಷ್ಟು ಕಾದರೂ ಚೇತರಿಕೆ ಇಲ್ಲ ಎಂದಾದರೆ ಮುಂದೆ ಓದಿ.

ಹಂತ 3: ಹಿಂದಿನ ಜನ್ಮದ ಲಾಗ್

ಮರಳಿ ಆನ್ ಮಾಡಿದ ಮೇಲೆ ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಎಂದು ಕೊಟ್ಟರೆ ಹಿಂದಿನ ಬೂಟ್‌ನ ಕರ್ನಲ್ ಸಂದೇಶಗಳು ಸಿಗುತ್ತವೆ. ಸಿಗದಿದ್ದರೆ ಲಾಗ್ ಡಿಸ್ಕಿಗೆ ಹೋಗುತ್ತಲೇ ಇಲ್ಲ, ಮೆಮೊರಿಯಲ್ಲಿದ್ದು ಹಾರಿಹೋಗುತ್ತಿದೆ. ಜರ್ನಲ್‌ಡಿ.ಕಾನ್ಫ್ ಕಡತದಲ್ಲಿ ‘ಸ್ಟೋರೇಜ್=ಪರ್ಸಿಸ್ಟೆಂಟ್’ ಎಂದು ಬರೆದು ಆ ಸೇವೆಯನ್ನು ಮರುಚಾಲನೆ ಮಾಡಿ.

ಇಲ್ಲೊಂದು ಬಲೆ ಇದೆ. ಸಾಮಾನ್ಯ ಮಟ್ಟದ ಸಂದೇಶಗಳನ್ನು ಜರ್ನಲ್ ಐದು ನಿಮಿಷಕ್ಕೊಮ್ಮೆ ಮಾತ್ರ ಡಿಸ್ಕಿಗೆ ಗಟ್ಟಿಯಾಗಿ ಬರೆಯುತ್ತದೆ. ತೀರಾ ಗಂಭೀರವಾದವುಗಳನ್ನಷ್ಟೇ ಕೂಡಲೇ. ಹಾಗಾಗಿ ಕೊನೆಯ ನಿಮಿಷಗಳ ಎಚ್ಚರಿಕೆಗಳು, ನಮಗೆ ನಿಜಕ್ಕೂ ಬೇಕಾದವುಗಳು, ಕಳೆದುಹೋಗುವ ಸಂಭವ ಹೆಚ್ಚು. ಅದೇ ಕಡತದಲ್ಲಿ ‘ಸಿಂಕ್‌ಇಂಟರ್ವಲ್‌ಸೆಕ್’ ಎಂಬುದನ್ನು 10 ಸೆಕೆಂಡಿಗೆ ಇಳಿಸಿ. ಅಷ್ಟಾದರೂ ಡಿಸ್ಕ್ ದಾರಿಯೇ ಕಟ್ಟಿಕೊಂಡಾಗ ಲಾಗ್ ಬರೆಯುವುದು ಎಲ್ಲಿಗೆ? ಲಾಗ್‌ನಲ್ಲಿ ಏನೂ ಇಲ್ಲ ಎಂದಾಕ್ಷಣ ಏನೂ ನಡೆದಿಲ್ಲ ಎಂದುಕೊಳ್ಳಬೇಡಿ.

ಹಂತ 4: ಸಿಸ್‌ಆರ್‌ಕ್ಯೂ ಕೀಲಿ

ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ (ಇದೇ ಸಿಸ್‌ಆರ್‌ಕ್ಯೂ ಕೀಲಿ) ಒತ್ತಿ ಹಿಡಿದು ಒಂದು ಅಕ್ಷರ ಒತ್ತಿದರೆ, ಅದು ಪ್ರೋಗ್ರಾಂಗಳನ್ನು ದಾಟಿ ನೇರವಾಗಿ ಕರ್ನಲ್‌ಗೆ ಹೋಗುತ್ತದೆ. ‘ಡಬ್ಲ್ಯೂ’ ಒತ್ತಿದರೆ ಡಿಸ್ಕ್ ಇತ್ಯಾದಿಗಳಿಗಾಗಿ ಎಬ್ಬಿಸಲಾಗದಂತೆ ಕಾದು ಕುಳಿತ ಕೆಲಸಗಳ ಪಟ್ಟಿ, ‘ಎಲ್’ ಒತ್ತಿದರೆ ಓಡುತ್ತಿರುವ ಪ್ರತಿ ಪ್ರಾಸೆಸರ್ ಈಗ ಎಲ್ಲಿದೆ ಎಂಬ ಜಾಡು, ‘ಟಿ’ ಒತ್ತಿದರೆ ಎಲ್ಲ ಕೆಲಸಗಳ ಜಾತಕ, ‘ಎಂ’ ಒತ್ತಿದರೆ ಮೆಮೊರಿ ಲೆಕ್ಕ. ಕೊನೆಗೆ ‘ಎಸ್’, ‘ಯು’, ‘ಬಿ’ ಎಂದು ನಡುವೆ ಕೆಲವು ಸೆಕೆಂಡು ಬಿಟ್ಟು ಒತ್ತಿದರೆ ಬಾಕಿ ಬರಹ ಡಿಸ್ಕಿಗೆ ಹೋಗಿ, ಡಿಸ್ಕ್ ಓದಲಿಕ್ಕೆ ಮಾತ್ರ ಎಂದಾಗಿ, ಯಂತ್ರ ಮರಳಿ ಬೂಟ್ ಆಗುತ್ತದೆ. ಪ್ಲಗ್ ಕೀಳುವುದಕ್ಕಿಂತ ಎಷ್ಟೋ ಮೇಲು.

ಆದರೆ ಇದು ಮೊದಲೇ ತೆರೆದಿರಬೇಕು. ಉಬುಂಟುವಿನಲ್ಲಿ ಕರ್ನಲ್.ಸಿಸ್‌ಆರ್‌ಕ್ಯೂ ಬೆಲೆ ರೂಢಿಯಂತೆ 176 (ಇದನ್ನೂ ಮುಂದಿನ ಹಂತದ ಬೆಲೆಗಳನ್ನೂ ‘ಸಿಸ್‌ಸಿಟಿಎಲ್’ ಆಜ್ಞೆಯಿಂದ ಬದಲಿಸಬಹುದು). ಅದು 128, 32, 16ರ ಮೊತ್ತ. ಬೂಟ್, ಓದಲಿಕ್ಕೆ ಮಾತ್ರ, ಸಿಂಕ್ ಈ ಮೂರಕ್ಕೆ ಅನುಮತಿ. ಜಾಡು ತೋರಿಸುವ 8 ಅದರಲ್ಲಿ ಇಲ್ಲ. ಎಷ್ಟೋ ಜನ ‘ಡಬ್ಲ್ಯೂ’ ಒತ್ತಿ, ಏನೂ ಬರಲಿಲ್ಲವೆಂದು ಕರ್ನಲ್ ಪೂರ್ತಿ ಸತ್ತಿದೆ ಎಂದು ತೀರ್ಮಾನಿಸುವುದು ಇದರಿಂದಲೇ. ತನಿಖೆ ಮುಗಿಯುವವರೆಗೆ ಬೆಲೆಯನ್ನು 1 ಎಂದು ಇಡಿ, ಯಂತ್ರ ಸರಿಯಿರುವಾಗಲೇ ಒಮ್ಮೆ ಒತ್ತಿ ನೋಡಿ. ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಲಿಯನ್ನೂ ಸೇರಿಸಿ ಒತ್ತಬೇಕಾಗಬಹುದು.

ಹಂತ 5: ಕರ್ನಲ್‌ನ ಕಾವಲುಗಾರರನ್ನು ಎಚ್ಚರಿಸಿ

ಲಿನಕ್ಸ್‌ನ ಒಳಗೇ ನಾಲ್ವರು ಕಾವಲುಗಾರರಿದ್ದಾರೆ. ಒಬ್ಬೊಬ್ಬರದು ಒಂದೊಂದು ಗಸ್ತು.

ಸಾಫ್ಟ್ ಲಾಕಪ್: ಒಂದು ಪ್ರಾಸೆಸರ್ ಕರ್ನಲ್ ಕೋಡ್‌ನಲ್ಲೇ ಸುತ್ತುತ್ತ ಇತರ ಕೆಲಸಗಳಿಗೆ 20 ಸೆಕೆಂಡಿಗಿಂತ ಹೆಚ್ಚು ಹೊತ್ತು ಸರದಿ ಕೊಡದಿದ್ದರೆ ಕೂಗುತ್ತದೆ. ‘ಸ್ಟಕ್ ಫಾರ್ 22ಎಸ್’ ಎಂಬ ಸಾಲು ಇದರದು. ಹಾರ್ಡ್ ಲಾಕಪ್: ಪ್ರಾಸೆಸರ್ ಇಂಟರಪ್ಟ್‌ಗಳನ್ನೇ (ಸಾಧನಗಳು ಗಮನ ಸೆಳೆಯಲು ಕಳಿಸುವ ಕರೆಗಳನ್ನು) ಕೇಳಿಸಿಕೊಳ್ಳದೆ ಸುಮಾರು 10 ಸೆಕೆಂಡು ಕಳೆದರೆ, ತಡೆಯಲಾಗದ ಎನ್‌ಎಂಐ ಎಂಬ ಇಂಟರಪ್ಟ್ ಮೂಲಕ ಪತ್ತೆ. ಎರಡಕ್ಕೂ ಮೂಲ ವಾಚ್‌ಡಾಗ್_ಥ್ರೆಶ್ ಎಂಬ ಒಂದೇ ಬೆಲೆ. ಅದು 10 ಇರುತ್ತದೆ, ಸಾಫ್ಟ್‌ಗೆ ಅದರ ಎರಡರಷ್ಟು. ಹಂಗ್ ಟಾಸ್ಕ್: ಯಾವುದಾದರೂ ಕೆಲಸ 120 ಸೆಕೆಂಡು ಎಬ್ಬಿಸಲಾಗದ ಕಾಯುವಿಕೆಯಲ್ಲಿದ್ದರೆ ಹೇಳುತ್ತದೆ. ಈ ಕಾವಲುಗಾರ ಹತ್ತು ಸಲ ಕೂಗಿ ಸುಮ್ಮನಾಗುತ್ತಾನೆ. ವಾರಗಟ್ಟಲೆ ಓಡುವ ಯಂತ್ರದಲ್ಲಿ ಹಂಗ್_ಟಾಸ್ಕ್_ವಾರ್ನಿಂಗ್ಸ್ ಬೆಲೆಯನ್ನು -1 ಮಾಡದಿದ್ದರೆ, ಬೇಕಾದ ಹೊತ್ತಿಗೆ ಅವನ ಗಂಟಲು ಕಟ್ಟಿರುತ್ತದೆ. ನಾಲ್ಕನೆಯದು ಆರ್‌ಸಿಯು ಸ್ಟಾಲ್: ಹಳೆಯ ಮಾಹಿತಿಯನ್ನು ಅಳಿಸುವ ಮೊದಲು ಎಲ್ಲ ಪ್ರಾಸೆಸರ್‌ಗಳೂ ಅದನ್ನು ಬಿಟ್ಟವೇ ಎಂದು ಕಾಯುವ ಆರ್‌ಸಿಯು ವ್ಯವಸ್ಥೆಗೆ ಯಾವುದಾದರೊಂದರಿಂದ ಉತ್ತರ ಬಾರದಿದ್ದರೆ ಕೂಗುತ್ತದೆ. ಮೂಲ ಕರ್ನಲ್‌ನಲ್ಲಿ ಇದರ ಗಡುವು 21 ಸೆಕೆಂಡು.

ಹಾರ್ಡ್ ಲಾಕಪ್ ಕಾವಲುಗಾರ ಕೆಲವು ಕಡೆ ಮಲಗಿರುತ್ತಾನೆ, ಕರ್ನಲ್.ಎನ್‌ಎಂಐ_ವಾಚ್‌ಡಾಗ್ 1 ಇದೆಯೇ ನೋಡಿಕೊಳ್ಳಿ. ಇವರು ಕೂಗಿದರೆ ಸಾಲದು, ಯಂತ್ರ ಆ ಕ್ಷಣವೇ ನಿಂತು ಸಾಕ್ಷಿ ಉಳಿಸಬೇಕು ಎಂದಿದ್ದರೆ ಸಾಫ್ಟ್‌ಲಾಕಪ್_ಪ್ಯಾನಿಕ್, ಹಾರ್ಡ್‌ಲಾಕಪ್_ಪ್ಯಾನಿಕ್ ಎರಡನ್ನೂ 1 ಮಾಡಿ. ಕರ್ನಲ್.ಪ್ಯಾನಿಕ್ ಬೆಲೆ 10 ಎಂದಿಟ್ಟರೆ, ಪ್ಯಾನಿಕ್ ಆದ (ಕರ್ನಲ್ ಮುಂದುವರಿಯಲಾರೆ ಎಂದು ತಾನೇ ನಿಂತ) ಹತ್ತು ಸೆಕೆಂಡಿಗೆ ತಾನೇ ಮರಳಿ ಬೂಟ್ ಆಗುತ್ತದೆ.

ಹಂತ 6: ಯಂತ್ರದ ಹೊರಗೆ ಒಬ್ಬ ಸಾಕ್ಷಿ

ಸಾಯುವವನೇ ತನ್ನ ಸಾವಿನ ವರದಿ ಬರೆಯಲಾರ. ಆದ್ದರಿಂದ ಕೊನೆಯ ಮಾತುಗಳನ್ನು ಕೇಳಿಸಿಕೊಳ್ಳಲು ಹೊರಗೆ ಯಾರಾದರೂ ಬೇಕು. ಬೋರ್ಡ್‌ನಲ್ಲಿ ನಿಜವಾದ ಸೀರಿಯಲ್ ಪೋರ್ಟ್ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ: ಬೂಟ್ ಸಾಲಿಗೆ (ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲಿಗೆ) ‘ಕನ್ಸೋಲ್=ಟಿಟಿವೈಎಸ್0,115200’ ಸೇರಿಸಿ, ಇನ್ನೊಂದು ತುದಿಯಲ್ಲಿ ಹಳೆಯ ಲ್ಯಾಪ್‌ಟಾಪ್ ಕೂರಿಸಿ. ಪರದೆಗೂ ಬರಬೇಕೆಂದಿದ್ದರೆ ‘ಕನ್ಸೋಲ್=ಟಿಟಿವೈ0’ ಎಂಬುದನ್ನೂ ಸೇರಿಸಿ.

ಇಲ್ಲದವರಿಗೆ ನೆಟ್‌ಕನ್ಸೋಲ್ ಇದೆ. ಇದು ಕರ್ನಲ್ ಸಂದೇಶಗಳನ್ನು ಯುಡಿಪಿ ಪ್ಯಾಕೆಟ್‌ಗಳಾಗಿ ಇನ್ನೊಂದು ಯಂತ್ರದ 6666ನೆಯ ಪೋರ್ಟ್‌ಗೆ ಎಸೆಯುತ್ತದೆ. ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರಿಸುವ ತುಣುಕು) ಹಾಕುವಾಗ ಕೊಡಬೇಕಾದ ವಿವರದ ಕ್ರಮ ಹೀಗೆ: ತನ್ನ ಪೋರ್ಟ್ 6665, @ ಚಿಹ್ನೆ, ತನ್ನ ಐಪಿ, ಓರೆಗೆರೆ, ನೆಟ್‌ವರ್ಕ್ ಕಾರ್ಡಿನ ಹೆಸರು, ಅಲ್ಪವಿರಾಮ, ಆಚೆಯ ಪೋರ್ಟ್ 6666, @ ಚಿಹ್ನೆ, ಆಚೆಯ ಐಪಿ, ಓರೆಗೆರೆ, ಆಚೆಯ ಮ್ಯಾಕ್ ವಿಳಾಸ. ಎರಡೂ ಯಂತ್ರಗಳು ಒಂದೇ ಸ್ವಿಚ್‌ಗೆ ತಂತಿಯಿಂದ ಸೇರಿರಲಿ. ವೈಫೈ ಮೇಲೆ ಇದನ್ನು ನೆಚ್ಚಬೇಡಿ. ಆಚೆ ಕಡೆ ನೆಟ್‌ಕ್ಯಾಟ್ ಅನ್ನು ಯುಡಿಪಿ 6666ರಲ್ಲಿ ಕಿವಿಗೊಡುವಂತೆ ಇಟ್ಟು, ಬಂದದ್ದನ್ನು ಕಡತಕ್ಕೆ ತಿರುಗಿಸಿ. ಈಚೆ ಕಡೆ ‘ಡಿಮೆಸೇಜ್ -ಎನ್ 8’ ಕೊಡದಿದ್ದರೆ ಗಂಭೀರ ಸಂದೇಶಗಳಷ್ಟೇ ಹೊರಡುತ್ತವೆ. ಆಮೇಲೆ ಡೆವ್ ಕೆಳಗಿನ ಕೆಎಂಎಸ್‌ಜಿ ಕಡತಕ್ಕೆ ಒಂದು ಪದ ಬರೆದು, ಅದು ಆಚೆ ಬಂತೇ ಎಂದು ಕಣ್ಣಾರೆ ನೋಡಿ.

ಬ್ಯಾಡಗಿಯಲ್ಲಿ ನನ್ನ ಮೊದಲ ಸಾಕ್ಷಿ ಕೆಟ್ಟದ್ದು ತಂತ್ರಜ್ಞಾನದಿಂದಲ್ಲ. ಸಂಜೆ ಅಂಗಡಿ ಗುಡಿಸುವಾಗ ಯಾರೋ ಒಳ್ಳೆಯ ಮನಸ್ಸಿನಿಂದಲೇ ಲ್ಯಾಪ್‌ಟಾಪ್‌ನ ಮುಚ್ಚಳ ಮುಚ್ಚಿ ಮೇಲೊಂದು ಬಟ್ಟೆ ಹೊದಿಸಿದ್ದರು. ಅದು ನಿದ್ದೆಗೆ ಹೋಯಿತು, ಆ ರಾತ್ರಿಯ ಹ್ಯಾಂಗ್‌ಗೆ ಕೇಳುವವರೇ ಇರಲಿಲ್ಲ. ಲಾಗಿನ್‌ಡಿ.ಕಾನ್ಫ್ ಕಡತದಲ್ಲಿ ‘ಹ್ಯಾಂಡಲ್‌ಲಿಡ್‌ಸ್ವಿಚ್=ಇಗ್ನೋರ್’ ಎಂದು ಬರೆದು ಬಂದೆ. ನೀವೂ ಬರೆಯಿರಿ. ಸ್ವಿಚ್ ಮತ್ತು ಲ್ಯಾಪ್‌ಟಾಪ್ ಎರಡೂ ಯುಪಿಎಸ್ ಮೇಲಿರಲಿ.

ಪಿಸ್ಟೋರ್ ಎಂಬುದು ಪ್ಯಾನಿಕ್‌ನ ಕೊನೆಯ ಸಂದೇಶಗಳನ್ನು ಬೋರ್ಡಿನ ಮೂಲ ತಂತ್ರಾಂಶವಾದ ಯುಇಎಫ್‌ಐನ ಶಾಶ್ವತ ಜಾಗದಲ್ಲಿ ಉಳಿಸಬಲ್ಲದು. ಮರಳಿ ಬಂದ ಮೇಲೆ ವಾರ್, ಲಿಬ್, ಸಿಸ್ಟಂಡಿ, ಪಿಸ್ಟೋರ್ ದಾರಿಯಲ್ಲಿ ಹುಡುಕಿ. ಕೆಡಂಪ್ ಇನ್ನೂ ಭಾರೀ ಅಸ್ತ್ರ: ಬೂಟ್ ಸಾಲಿನಲ್ಲಿ ‘ಕ್ರ್ಯಾಶ್‌ಕರ್ನಲ್=256ಎಂ’ ಎಂದು ಮೆಮೊರಿ ಕಾದಿರಿಸಿದರೆ, ಪ್ಯಾನಿಕ್ ಆದಾಗ ಎರಡನೆಯ ಕರ್ನಲ್ ಎದ್ದು ಮೊದಲನೆಯದರ ಇಡೀ ಮೆಮೊರಿಯನ್ನು ಕಡತವಾಗಿಸುತ್ತದೆ. ಅದನ್ನು ಕ್ರ್ಯಾಶ್ ಎಂಬ ಸಾಧನದಲ್ಲಿ ತೆರೆದು ‘ಬಿಟಿ -ಎ’ ಎಂದರೆ ಎಲ್ಲ ಪ್ರಾಸೆಸರ್‌ಗಳ ಜಾಡು ಸಿಗುತ್ತದೆ. ಸಿದ್ಧವಾಗಿದೆಯೇ ಎಂದು ಪರೀಕ್ಷಿಸಲು ಸಿಸ್‌ಆರ್‌ಕ್ಯೂ ‘ಸಿ’ ಒತ್ತಿ ಬೇಕೆಂದೇ ಕೆಡವಬಹುದು. ಬಿಲ್‌ಗಳು ತೆರೆದಿರುವಾಗ ಮಾತ್ರ ಬೇಡ.

ಹಂತ 7: ಜಾಡನ್ನು ಓದುವುದು

ಸಾಕ್ಷಿ ಸಿಕ್ಕಿತು ಎನ್ನೋಣ. ‘ಕಾಲ್ ಟ್ರೇಸ್’ ಎಂಬುದರ ಕೆಳಗೆ ಇಪ್ಪತ್ತು ಸಾಲು. ಮೇಲಿನದು ಕೊನೆಗೆ ಕರೆದ ಫಂಕ್ಷನ್, ಕೆಳಕ್ಕೆ ಹೋದಂತೆ ಅದನ್ನು ಕರೆದವರು. ಪ್ರಶ್ನಾರ್ಥಕ ಚಿಹ್ನೆ ಇರುವ ಸಾಲುಗಳು ಖಚಿತವಲ್ಲ, ಮೊದಲ ಓದಿನಲ್ಲಿ ಬಿಟ್ಟುಬಿಡಿ. ಸಾಲಿನ ಕೊನೆಗೆ ಚೌಕ ಆವರಣದಲ್ಲಿ ಇರುವುದು ಮಾಡ್ಯೂಲಿನ ಹೆಸರು. ಹಲವು ಸಲ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಹೊಸಬರು ಜಾರುವುದು ಒಂದೇ ಕಡೆ: ಕೂಗಿದವನನ್ನೇ ಕಳ್ಳನೆಂದು ಹಿಡಿಯುವುದು. ಹುಬ್ಬಳ್ಳಿಯ ದುರ್ಗದಬೈಲಿನ ಇಕ್ಕಟ್ಟಿನ ಓಣಿಯಲ್ಲಿ ಸಾಲಿನ ಕೊನೆಯ ಆಟೊ ಎಲ್ಲರಿಗಿಂತ ಜೋರಾಗಿ ಹಾರ್ನ್ ಹೊಡೆಯುತ್ತಿರುತ್ತದೆ. ದಾರಿ ಕಟ್ಟಿದ್ದು ಮುಂದೆಲ್ಲೋ ಕೈಗಾಡಿ ಬಿಟ್ಟು ಚಹಾಕ್ಕೆ ಹೋದವನು. ಹಂಗ್ ಟಾಸ್ಕ್ ವರದಿಯಲ್ಲಿ ಬರುವ ಹೆಸರು ಆ ಆಟೊ. ಅದರ ಜಾಡಿನಲ್ಲಿ ‘ಮ್ಯೂಟೆಕ್ಸ್_ಲಾಕ್’ ಕಂಡರೆ, ಆ ಬೀಗ ಯಾರ ಕೈಯಲ್ಲಿದೆ ಎಂಬುದೇ ಮುಂದಿನ ಪ್ರಶ್ನೆ. ಸಿಸ್‌ಆರ್‌ಕ್ಯೂ ‘ಡಬ್ಲ್ಯೂ’ ಪಟ್ಟಿಯಲ್ಲಿ ಒಂದೇ ಬೀಗಕ್ಕೆ ಹತ್ತು ಕೆಲಸಗಳು ಕಾಯುತ್ತಿದ್ದು, ಹನ್ನೊಂದನೆಯದು ಮಾತ್ರ ಬೇರೆ ಕಡೆ, ಡಿಸ್ಕಿನ ಉತ್ತರಕ್ಕೋ ನೆಟ್‌ವರ್ಕ್ ಫೋಲ್ಡರಿಗೋ ಕಾಯುತ್ತಿದ್ದರೆ, ಕೈಗಾಡಿಯವನು ಅವನೇ. ಸಾಫ್ಟ್ ಲಾಕಪ್‌ನಲ್ಲೂ ಹಾಗೆಯೇ: ಒಂದು ಪ್ರಾಸೆಸರ್ ಸ್ಪಿನ್‌ಲಾಕ್ ಎಂಬ ಬೀಗಕ್ಕಾಗಿ ಸುತ್ತುತ್ತಿದ್ದರೆ, ಅದನ್ನು ಹಿಡಿದುಕೊಂಡವನು ಹೆಚ್ಚಿನ ಸಲ ಇನ್ನೊಂದು ಪ್ರಾಸೆಸರ್‌ನಲ್ಲಿರುತ್ತಾನೆ. ಎಲ್ಲ ಪ್ರಾಸೆಸರ್‌ಗಳ ಜಾಡು ಬೇಕು ಎನ್ನುವುದು ಇದಕ್ಕೇ.

ಮತ್ತೆ ಮತ್ತೆ ಬೀಗಗಳೇ ಕಂಡರೆ, ಪ್ರೂವ್_ಲಾಕಿಂಗ್ ಆಯ್ಕೆ ಹಾಕಿ ಕರ್ನಲ್ ಕಟ್ಟಿಕೊಳ್ಳಿ. ಬೀಗಗಳನ್ನು ಹಿಡಿಯುವ ಕ್ರಮದಲ್ಲಿ ಸುತ್ತು ಬಿದ್ದರೆ, ನಿಜವಾದ ಹ್ಯಾಂಗ್ ಆಗುವ ಮೊದಲೇ ಅದು ಹೇಳುತ್ತದೆ. ಯಂತ್ರ ನಿಧಾನವಾಗುತ್ತದೆ, ಕೆಲವು ಸಲ ಆ ನಿಧಾನದಿಂದಲೇ ಕಾಯಿಲೆ ಮರೆಯಾಗುವುದೂ ಉಂಟು.

ಹಂತ 8: ಸಾಕ್ಷಿಯೂ ಮೌನವಾದರೆ

ಬ್ಯಾಡಗಿಯಲ್ಲಿ ಆದದ್ದು ಇದೇ. ನೆಟ್‌ಕನ್ಸೋಲ್ ಕಡತದಲ್ಲಿ 1:52ರ ಒಂದು ಮಾಮೂಲಿ ಸಾಲು, ಆಮೇಲೆ ಏನೂ ಇಲ್ಲ. ಪರದೆ 2:04ಕ್ಕೆ ನಿಂತಿತ್ತು. ಸಾಫ್ಟ್ ಇಲ್ಲ, ಹಾರ್ಡ್ ಇಲ್ಲ, ಪ್ಯಾನಿಕ್ ಇಲ್ಲ. ನನಗೆ ಆ ಮೌನ ಮೊದಲಿಗೆ ಸಿಟ್ಟು ತರಿಸಿತು, ಆಮೇಲೆ ಅದೇ ಮಾತನಾಡಿತು.

ಹಾರ್ಡ್ ಲಾಕಪ್ ಕಾವಲುಗಾರ ಎಣಿಸುವುದು ಗಡಿಯಾರದ ಸೆಕೆಂಡುಗಳನ್ನಲ್ಲ, ಪ್ರಾಸೆಸರ್ ಎಚ್ಚರವಾಗಿ ಕಳೆದ ಆವರ್ತಗಳನ್ನು. ಕೆಲಸವಿಲ್ಲದ ಪ್ರಾಸೆಸರ್ ಸಿ-ಸ್ಥಿತಿ ಎಂಬ ನಿದ್ದೆಗೆ ಜಾರಿದಾಗ ಆ ಎಣಿಕೆಯೂ ನಿಲ್ಲುತ್ತದೆ. ಆ ನಿದ್ದೆಯಿಂದ ಎದ್ದೇ ಬರದಿದ್ದರೆ ಕಾವಲುಗಾರನೂ ಅದರ ಜೊತೆಗೇ ಮಲಗಿರುತ್ತಾನೆ. ಮೌನ ಮತ್ತು ನೋಟ್‌ಬುಕ್‌ನ ‘ಊಟದ ಹೊತ್ತು’ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಅನುಮಾನ ನಿದ್ದೆಯ ಕಡೆಗೇ ಹೋಯಿತು. ಯಂತ್ರದ ತಳಕ್ಕೆ ಅಂಟಿದ್ದ ಕೆಂಪು ಪುಡಿ ಒರೆಸಿ, ಎರಡು ಸಲ ಸೀನಿ, ಪ್ರಾಸೆಸರ್ ಹೆಸರು ನೋಡಿದೆ: ಸೆಲೆರಾನ್ ಜೆ1900. ಇಂಟೆಲ್ 2013ರಲ್ಲಿ ತಂದ ಬೇ ಟ್ರೇಲ್ ಕುಲದ್ದು. ಈ ಕುಲ ಆಳವಾದ ಸಿ-ಸ್ಥಿತಿಗಳಲ್ಲಿ ಲಿನಕ್ಸ್ ಮೇಲೆ ಹ್ಯಾಂಗ್ ಆಗುವುದು ವರ್ಷಗಟ್ಟಲೆ ಚರ್ಚೆಯಾದ ವಿಷಯ.

ಪರೀಕ್ಷೆ ಸರಳ. ಬೂಟ್ ಸಾಲಿಗೆ ‘ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1’ ಸೇರಿಸಿದರೆ ಪ್ರಾಸೆಸರ್ ಹಗುರ ನಿದ್ದೆಯನ್ನಷ್ಟೇ ಮಾಡುತ್ತದೆ. 0 ಎಂದು ಬರೆಯಬೇಡಿ. ಅದು ನಿದ್ದೆಯನ್ನು ತಡೆಯುವುದಿಲ್ಲ, ಇಂಟೆಲ್ ಐಡಲ್ ಡ್ರೈವರನ್ನು ತೆಗೆದು ಎಸಿಪಿಐ ಡ್ರೈವರಿಗೆ ಅಧಿಕಾರ ಕೊಡುತ್ತದೆ, ಆಳದ ನಿದ್ದೆ ಅಲ್ಲಿಂದ ಮತ್ತೆ ಬರಬಹುದು. ಬೂಟ್ ಸಾಲು ಇರುವ ಗ್ರಬ್ ಕಡತ ತಿದ್ದಿದ ಮೇಲೆ ‘ಅಪ್‌ಡೇಟ್-ಗ್ರಬ್’ ಓಡಿಸಬೇಕು, ಮರಳಿ ಬೂಟ್ ಆದ ಮೇಲೆ ಪ್ರಾಕ್ ಕೆಳಗಿನ ‘ಸಿಎಂಡಿಲೈನ್’ ಕಡತದಲ್ಲಿ ಆ ಸಾಲು ಬಂದಿದೆಯೇ ನೋಡಬೇಕು. ನಾನು ನೋಡಲಿಲ್ಲ. ಕಡತ ತಿದ್ದಿ, ಮಿರ್ಚಿ ಭಜ್ಜಿ ತಿಂದು, ಬಸ್ ಹತ್ತಿ ಹುಬ್ಬಳ್ಳಿಗೆ ಬಂದೆ. ಮೂರನೆಯ ದಿನ ಹ್ಯಾಂಗ್ ಆಯಿತೆಂದು ಫೋನ್ ಬಂತು. ಸಿ-ಸ್ಥಿತಿಯ ಊಹೆಯನ್ನೇ ಕೈಬಿಡುವುದರಲ್ಲಿದ್ದೆ. ಅಪ್‌ಡೇಟ್-ಗ್ರಬ್ ಮರೆತದ್ದು ಆಮೇಲೆ ತಿಳಿಯಿತು.

ಮೌನದ ಸಾವುಗಳಿಗೆ ಇದೇ ಬಗೆಯ ಇನ್ನು ಕೆಲವು ಅನುಮಾನಿತರಿದ್ದಾರೆ. 2017ರ ಮೊದಲ ಪೀಳಿಗೆಯ ರೈಜೆನ್ ಕೂಡ ಕೆಲಸವಿಲ್ಲದಾಗ ನಿಲ್ಲುತ್ತಿತ್ತು. ಅದಕ್ಕೆ ಹಲವು ಬೋರ್ಡ್‌ಗಳ ಬಯಾಸ್‌ನಲ್ಲಿ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಎಂಬ ಆಯ್ಕೆ ಇದೆ, ಅದನ್ನು ‘ಟಿಪಿಕಲ್’ಗೆ ಇಡಬೇಕು. ಎನ್‌ವಿಎಂಇ ಡಿಸ್ಕ್ ನಿದ್ದೆಯಿಂದ ಏಳದಿದ್ದರೆ ‘ಎನ್‌ವಿಎಂಇ_ಕೋರ್.ಡೀಫಾಲ್ಟ್_ಪಿಎಸ್_ಮ್ಯಾಕ್ಸ್_ಲೇಟೆನ್ಸಿ_ಯುಎಸ್=0’, ಪಿಸಿಐ ಸಂಪರ್ಕದ ಮೇಲೆ ಅನುಮಾನವಿದ್ದರೆ ‘ಪಿಸಿಐಇ_ಎಎಸ್‌ಪಿಎಂ=ಆಫ್’. ಒಂದು ಸಲಕ್ಕೆ ಒಂದೇ. ಇವುಗಳ ಜೊತೆ ಮೆಮ್‌ಟೆಸ್ಟ್86+ ಒಂದು ರಾತ್ರಿ ಓಡಲಿ, ರಾಸ್‌ಡೀಮನ್ ಹಾಕಿ ಹಾರ್ಡ್‌ವೇರ್ ದೋಷಗಳ ಲೆಕ್ಕ ಇಡಿ, ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ಬದಲಿಸಿ ನೋಡಿ. ಇವು ಬೇಸರದ ಕೆಲಸಗಳು, ಆದರೂ ಬಿಡುವಂತಿಲ್ಲ.

ಹಂತ 9: ಸರಿಹೋಯಿತು ಎಂದು ಯಾವಾಗ ಹೇಳಬಹುದು

ಇಲ್ಲಿ ಹೆಚ್ಚಿನವರು ಆತುರ ಪಡುತ್ತಾರೆ. ಎರಡು ದಿನಕ್ಕೊಮ್ಮೆ ನಿಲ್ಲುವ ಯಂತ್ರ ಮೂರು ದಿನ ಓಡಿದರೆ ಗೆದ್ದೆವು ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಹ್ಯಾಂಗ್‌ಗಳು ಯಾವ ಕ್ರಮವೂ ಇಲ್ಲದೆ, ಸರಾಸರಿ ಇಂತಿಷ್ಟು ದಿನಕ್ಕೊಮ್ಮೆ ಬರುತ್ತಿದ್ದರೆ, ಏನೂ ರಿಪೇರಿ ಆಗದೆಯೂ ಒಂದು ಸರಾಸರಿ ಅವಧಿ ಸುರಕ್ಷಿತವಾಗಿ ದಾಟುವ ಸಾಧ್ಯತೆ ನೂರಕ್ಕೆ 37. ಮೂರು ಪಟ್ಟು ದಾಟುವುದು ನೂರಕ್ಕೆ 5. ಐದು ಪಟ್ಟು ದಾಟುವುದು ನೂರಕ್ಕೆ ಒಂದಕ್ಕೂ ಕಡಿಮೆ. ಬ್ಯಾಡಗಿಯ ಸರಾಸರಿ ಸುಮಾರು ಎರಡು ದಿನ. ಅಪ್‌ಡೇಟ್-ಗ್ರಬ್ ಓಡಿಸಿದ ಮೇಲೆ ಯಂತ್ರ ನಿಲ್ಲದೆ ಆರು ದಿನ ಕಳೆದಾಗ ನನಗೆ ನಂಬಿಕೆ ಬಂತು, ಹತ್ತು ದಿನ ಕಳೆದ ಮೇಲೆ ಸಾಹುಕಾರರಿಗೆ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ ಕರೆಂಟ್ ಬಿಲ್ಲಿನದು. ಆ ಪ್ರಾಸೆಸರ್‌ನ ಟಿಡಿಪಿಯೇ (ಪೂರ್ತಿ ಹೊರೆಯಲ್ಲಿ ಹೊರಬೀಳುವ ಕಾವಿನ ಅಂದಾಜು) 10 ವ್ಯಾಟ್; ನಿದ್ದೆ ಕಡಿಮೆಯಾದರೆ ಎಷ್ಟು ಹೆಚ್ಚಾದೀತು ಎಂದು ತಿರುಗಿ ಕೇಳಿದೆ.

ಇನ್ನೊಂದು ಉಪಾಯ, ಪರೀಕ್ಷೆಗಾಗಿ ಕಾಯಿಲೆಯನ್ನು ಹೆಚ್ಚಿಸುವುದು. ಕೆಲಸವಿಲ್ಲದಾಗ ಕೆಡುವ ಯಂತ್ರವನ್ನು ಪೂರ್ತಿ ಖಾಲಿ ಬಿಡಿ. ಡಿಸ್ಕ್ ಕೆಲಸದಲ್ಲಿ ಕೆಡುವುದಕ್ಕೆ ಎಫ್‌ಐಒ, ಹೊರೆ ಬಿದ್ದಾಗ ಕೆಡುವುದಕ್ಕೆ ಸ್ಟ್ರೆಸ್-ಎನ್‌ಜಿ ಓಡಿಸಿ. ಎರಡು ದಿನಕ್ಕೊಮ್ಮೆ ಬರುವುದನ್ನು ಎರಡು ತಾಸಿಗೊಮ್ಮೆ ಬರುವಂತೆ ಮಾಡಿದರೆ ತನಿಖೆಯ ತಿಂಗಳುಗಳು ದಿನಗಳಾಗುತ್ತವೆ.

ಹಂತ 10: ಹಳೆಯ ಕರ್ನಲ್‌ನಲ್ಲಿ ಇರಲಿಲ್ಲವೇ?

ಅಪ್‌ಡೇಟ್ ಆದ ಮೇಲೆ ಶುರುವಾದ ಹ್ಯಾಂಗ್‌ಗೆ ಗಿಟ್ ಬೈಸೆಕ್ಟ್ ಇದೆ. ಒಂದು ಆವೃತ್ತಿಯಿಂದ ಮುಂದಿನದಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳಿರುತ್ತವೆ. ಅರ್ಧಕ್ಕೆ ಅರ್ಧ ಕತ್ತರಿಸುತ್ತ ಹೋದರೆ ಸುಮಾರು ಹದಿನಾಲ್ಕು ಹೆಜ್ಜೆಗೆ ತಪ್ಪಿತಸ್ಥ ಬದಲಾವಣೆ ಸಿಗುತ್ತದೆ. ಆದರೆ ಆಗಾಗ ಬರುವ ಕಾಯಿಲೆಯಲ್ಲಿ ಎರಡು ತೀರ್ಪುಗಳ ತೂಕ ಒಂದೇ ಅಲ್ಲ. ಹ್ಯಾಂಗ್ ಆದರೆ ‘ಬ್ಯಾಡ್’ ಎನ್ನುವುದು ಖಚಿತ. ಆಗದಿದ್ದರೆ ‘ಗುಡ್’ ಎನ್ನುವುದು ಬರೀ ಒಂದು ಅಂದಾಜು. ಕೆಟ್ಟ ಕರ್ನಲ್ ಒಂದಕ್ಕೆ ಒಮ್ಮೆ ತಪ್ಪಾಗಿ ‘ಗುಡ್’ ಎಂದರೆ ಮುಂದಿನ ಹೆಜ್ಜೆಗಳೆಲ್ಲ ಬೇರೆ ಊರಿನ ದಾರಿ ಹಿಡಿಯುತ್ತವೆ. ಪರೀಕ್ಷಿಸುವ ಕೆಟ್ಟ ಕರ್ನಲ್‌ಗಳು ಏಳು ಎಂದುಕೊಂಡರೆ, ಪ್ರತಿಯೊಂದಕ್ಕೂ ಮೂರು ಪಟ್ಟು ಕಾದರೂ ಎಲ್ಲ ತೀರ್ಪೂ ಸರಿಯಿರುವ ಸಾಧ್ಯತೆ ನೂರಕ್ಕೆ 70 ಮಾತ್ರ. ಐದು ಪಟ್ಟು ಕಾಯಿರಿ. ಕೊನೆಗೆ ಸಿಕ್ಕ ಬದಲಾವಣೆಯನ್ನು ಹಿಂತೆಗೆದು, ಕರ್ನಲ್ ಮತ್ತೆ ಕಟ್ಟಿ, ಕಾಯಿಲೆ ಹೋಯಿತೇ ನೋಡಿ. ಅದಕ್ಕೂ ಮೊದಲು ವಿತರಣೆಯ ಸಿದ್ಧ ಕರ್ನಲ್ ಪ್ಯಾಕೇಜ್‌ಗಳನ್ನೇ ಹಾಕಿ ನೋಡಿ ವ್ಯಾಪ್ತಿ ಕಿರಿದಾಗಿಸಿಕೊಂಡರೆ ಕಟ್ಟುವ ಶ್ರಮ ಉಳಿಯುತ್ತದೆ.

ಹಂತ 11: ವರದಿ

ಕರ್ನಲ್ ನಿರ್ವಾಹಕರಿಗೆ ವರದಿ ಬರೆಯುವ ಮೊದಲು ಹೊಸ ಮೂಲ ಕರ್ನಲ್‌ನಲ್ಲೂ ಕಾಯಿಲೆ ಇದೆಯೇ ಎಂದು ಒಮ್ಮೆ ನೋಡಿ. ಹೊರಗಿನ ಮುಚ್ಚಿದ ಡ್ರೈವರ್‌ಗಳನ್ನು ತೆಗೆದಿಡಿ. ಅವು ಇದ್ದರೆ ಕರ್ನಲ್ ತನ್ನನ್ನು ‘ಟೇಂಟೆಡ್’ ಎಂದು ಗುರುತಿಸಿಕೊಳ್ಳುತ್ತದೆ, ನಿರ್ವಾಹಕರು ಆ ಪದ ಕಂಡರೆ ಮುಂದೆ ಓದುವುದು ಕಡಿಮೆ. ಜಾಡನ್ನು ಕರ್ನಲ್ ಮೂಲದ ಸ್ಕ್ರಿಪ್ಟ್ಸ್ ಫೋಲ್ಡರಿನ ‘ಡಿಕೋಡ್_ಸ್ಟ್ಯಾಕ್‌ಟ್ರೇಸ್’ ಮೂಲಕ ಹಾಯಿಸಿದರೆ ಫಂಕ್ಷನ್ ಹೆಸರುಗಳ ಪಕ್ಕದಲ್ಲಿ ಕಡತ ಮತ್ತು ಸಾಲಿನ ಸಂಖ್ಯೆ ಬರುತ್ತದೆ. ಯಾರಿಗೆ ಕಳಿಸಬೇಕೆಂಬುದನ್ನು ಅಲ್ಲೇ ಇರುವ ‘ಗೆಟ್_ಮೇಂಟೇನರ್’ ಹೇಳುತ್ತದೆ.

ವರದಿಯಲ್ಲಿ ನಿಮ್ಮ ಊಹೆಗಿಂತ ಮೊದಲು ನೋಟ್‌ಬುಕ್‌ನ ಅಂಕಿಗಳಿರಲಿ: ಎಷ್ಟು ದಿನ, ಎಷ್ಟು ಸಲ, ಯಾವ ಹೊತ್ತು, ಯಾವ ಆಯ್ಕೆ ಬದಲಿಸಿದ ಮೇಲೆ ಎಷ್ಟು ದಿನ ನಿಲ್ಲದೆ ಓಡಿತು. ಪರದೆಯ ಫೋಟೊ ಬೇಡ, ಲಾಗ್ ಪಠ್ಯವಾಗಿಯೇ ಹೋಗಲಿ, ಕತ್ತರಿಸದೆ ಪೂರ್ತಿ. ಆಚೆಯಿಂದ ಒಂದು ಪ್ಯಾಚ್ (ಕೋಡ್‌ನ ತಿದ್ದುಪಡಿ) ಬಂದು ‘ಇದನ್ನು ಹಾಕಿ ನೋಡಿ’ ಎಂದರೆ, ಎಷ್ಟು ದಿನ ಕಾದು ಉತ್ತರಿಸುತ್ತೀರಿ ಎಂದು ಆ ದಿನವೇ ಬರೆದು ತಿಳಿಸಿ. ನೆಟ್‌ಕನ್ಸೋಲ್ ಲ್ಯಾಪ್‌ಟಾಪನ್ನು ಅಲ್ಲಿಯವರೆಗೆ ಅಂಗಡಿಯಿಂದ ವಾಪಸು ತರಬೇಡಿ.